ಮನಿಲಾದಲ್ಲಿ ಸಹಿ ಬಿದ್ದ ಮಾತ್ರಕ್ಕೆ ಒಪ್ಪಂದ ಆಗುವುದಿಲ್ಲ

ಹೊರದೇಶಗಳ ಜೊತೆ ವ್ಯವಹಾರ ಇಟ್ಟುಕೊಂಡವರಿಗೆ ಕರಾರುಪತ್ರ ಓದಿ ಸಲಹೆ ಕೊಡುವುದು ನನ್ನ ಕಸುಬು. 2025ರ ಆಗಸ್ಟ್‌ನಲ್ಲಿ ಫಿಲಿಪ್ಪೀನ್ಸ್ ಅಧ್ಯಕ್ಷ ಫರ್ಡಿನೆಂಡ್ ಮಾರ್ಕೋಸ್ ಜೂನಿಯರ್ ಭಾರತಕ್ಕೆ ಬಂದರು, ಬೆಂಗಳೂರಿಗೂ ಬಂದುಹೋದರು. ಕ್ರಿಮಿನಲ್ ಪ್ರಕರಣಗಳಲ್ಲಿ ಪರಸ್ಪರ ನೆರವು, ಕೈದಿಗಳ ವರ್ಗಾವಣೆ ಎಂದು ಆಗ ಒಂದಷ್ಟು ಒಪ್ಪಂದಗಳಿಗೆ ಸಹಿ ಬಿತ್ತು. ಇಂಥ ಸುದ್ದಿ ಬಂದಾಗಲೆಲ್ಲ ಕಕ್ಷಿದಾರರು ಕೇಳುವುದು ಒಂದೇ: “ಸಾರ್, ಸಹಿ ಆಯ್ತಲ್ಲ, ಯಾವತ್ತಿಂದ ಲಾಗೂ?” ಸಹಿಯ ಫೋಟೊ ಬಿಡಿ, ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಏನು ಮಾಡುತ್ತದೆ ನೋಡಿ ಎನ್ನುತ್ತೇನೆ. ಒಂದೇ ಆದಾಯಕ್ಕೆ ಎರಡೂ ಕಡೆ ತೆರಿಗೆ ಬೀಳದಂತೆ ಎರಡೂ ದೇಶಗಳು ಮಾಡಿಕೊಂಡ ದ್ವಿತೆರಿಗೆ ತಡೆ ಒಪ್ಪಂದಕ್ಕೆ ಸಹಿಯಾದದ್ದು 1990ರಲ್ಲಿ, ಅದು ಜಾರಿಗೆ ಬಂದದ್ದು 1994ರಲ್ಲಿ.

ಈ ಗೊಂದಲಕ್ಕೆ ನಮ್ಮ ರೂಢಿಯೇ ಕಾರಣ. ಭಾರತದಲ್ಲಿ ಒಪ್ಪಂದಕ್ಕೆ ಸಂಸತ್ತಿನ ಮತ ಬೇಕಿಲ್ಲ, ಸಾಮಾನ್ಯವಾಗಿ ಕೇಂದ್ರ ಸಂಪುಟ ಒಪ್ಪಿದರೆ ಸಾಕು. ಅದನ್ನು ಪಾಲಿಸಲು ಹೊಸ ಕಾನೂನು ಬೇಕಾದಾಗ 253ನೇ ವಿಧಿ ಬಳಕೆಗೆ ಬರುತ್ತದೆ. ಫಿಲಿಪ್ಪೀನ್ಸ್‌ನ 1987ರ ಸಂವಿಧಾನ ಹಾಗಲ್ಲ. ಅದರ 7ನೇ ಅಧ್ಯಾಯದ 21ನೇ ಸೆಕ್ಷನ್ ಪ್ರಕಾರ, ಸೆನೆಟ್‌ನ ಒಟ್ಟು ಸದಸ್ಯರಲ್ಲಿ ಮೂರನೇ ಎರಡು ಭಾಗ ಸಮ್ಮತಿಸದ ಒಪ್ಪಂದಕ್ಕೆ ಬೆಲೆಯೇ ಇಲ್ಲ. ಇರುವುದು 24 ಸ್ಥಾನ, ಬೇಕಿರುವುದು 16 ಮತ. ಲೆಕ್ಕ ಹಾಜರಿದ್ದವರದ್ದಲ್ಲ, ಒಟ್ಟು ಸದಸ್ಯರದ್ದು. ಹಾಗಾಗಿ ಗೈರಾದವರು, ತಟಸ್ಥರಾದವರು ಎಲ್ಲರೂ ಫಲಿತಾಂಶದ ಮಟ್ಟಿಗೆ ವಿರೋಧಿಗಳೇ. ಕೆಳಮನೆಗೆ ಇಲ್ಲಿ ಕೆಲಸವಿಲ್ಲ.

ಆ 24 ಜನರನ್ನು ಇಡೀ ದೇಶವನ್ನೇ ಒಂದು ಕ್ಷೇತ್ರವಾಗಿಟ್ಟುಕೊಂಡು ಆರಿಸುತ್ತಾರೆ. ಅಧ್ಯಕ್ಷರಂತೆ ಪ್ರತಿ ಸೆನೆಟರೂ ದೇಶದ ಉದ್ದಗಲಕ್ಕೂ ಮತ ಪಡೆದೇ ಬಂದಿರುತ್ತಾರೆ, ಅಧ್ಯಕ್ಷರ ಮುಲಾಜಿನಲ್ಲಿ ಇರಬೇಕಾಗಿಲ್ಲ. 1991ರ ಸೆಪ್ಟೆಂಬರ್ 16ರಂದು ಇದು ಜಗತ್ತಿಗೇ ಗೊತ್ತಾಯಿತು. ಸೂಬಿಕ್ ಕೊಲ್ಲಿಯ ಅಮೆರಿಕನ್ ನೌಕಾನೆಲೆಯನ್ನು ಉಳಿಸಿಕೊಳ್ಳುವ ಹೊಸ ಒಪ್ಪಂದ ಅಂದು ಮತಕ್ಕೆ ಬಂತು. ಕ್ಲಾರ್ಕ್ ವಾಯುನೆಲೆಯನ್ನು ಅದೇ ಜೂನ್‌ನಲ್ಲಿ ಪಿನಟೂಬೊ ಜ್ವಾಲಾಮುಖಿಯ ಬೂದಿ ಮುಚ್ಚಿಹಾಕಿತ್ತು. ಅಧ್ಯಕ್ಷೆ ಕೊರಾಜಾನ್ ಅಕಿನೊ ಒಪ್ಪಂದದ ಪರವಾಗಿ ತಾವೇ ಬೀದಿಗಿಳಿದು ಮೆರವಣಿಗೆ ನಡೆಸಿದ್ದರು. ಆದರೂ ಪರ 11, ವಿರೋಧ 12. ವಿರೋಧಿಸಿದವರಲ್ಲಿ ಅಧ್ಯಕ್ಷೆಯ ಸ್ವಂತ ಮೈದುನ ಅಗಾಪಿಟೊ ಅಕಿನೊ ಇದ್ದರು, ಮುಂದೆ ಅಧ್ಯಕ್ಷರಾದ ಜೋಸೆಫ್ ಎಸ್ಟ್ರಾಡ ಇದ್ದರು, ಸಭೆ ನಡೆಸುತ್ತಿದ್ದ ಸೆನೆಟ್ ಅಧ್ಯಕ್ಷ ಜೊವಿಟೊ ಸಲೊಂಗಾ ಕೂಡ ಇದ್ದರು. 1992ರ ನವೆಂಬರ್‌ನಲ್ಲಿ ಅಮೆರಿಕನ್ನರು ಸೂಬಿಕ್ ಖಾಲಿ ಮಾಡಿದರು.

ವ್ಯಾಪಾರಸ್ಥರಿಗೆ ಹತ್ತಿರದ ಉದಾಹರಣೆ ಆರ್‌ಸಿಇಪಿ, ಅಂದರೆ ಏಷ್ಯಾ-ಪೆಸಿಫಿಕ್ ದೇಶಗಳು ಪರಸ್ಪರ ಸುಂಕ ಇಳಿಸಿಕೊಳ್ಳುವ ವ್ಯಾಪಾರ ಒಪ್ಪಂದ. ನ್ಯೂಜಿಲೆಂಡ್ ಹಾಲು ಬಂದು ಬೀಳುತ್ತದೆಂದು ನಮ್ಮ ಹೈನುಗಾರರು ಹೆದರಿದ್ದು ನೆನಪಿರಬಹುದು. ಭಾರತ 2019ರಲ್ಲೇ ಹೊರಬಂತು. ಮನಿಲಾ 2020ರ ನವೆಂಬರ್‌ನಲ್ಲಿ ಸಹಿ ಮಾಡಿತು, ಆಗಿನ ಅಧ್ಯಕ್ಷ ಡುಟರ್ಟೆ ಮರುವರ್ಷ ತಮ್ಮ ಕಡೆಯಿಂದ ಅನುಮೋದಿಸಿದರು. ಅಲ್ಲೂ ರೈತಸಂಘಟನೆಗಳು ಎದ್ದುನಿಂತವು, ಆಗಿನ ಸೆನೆಟ್ ಒಪ್ಪಿಗೆ ಕೊಡದೆಯೇ ಅವಧಿ ಮುಗಿಸಿತು. ಹೊಸ ಸೆನೆಟ್ ಸಮ್ಮತಿಸಿದ್ದು 2023ರ ಫೆಬ್ರವರಿಯಲ್ಲಿ. ಪರ 20, ವಿರೋಧ 1. ತಟಸ್ಥರಾಗಿ ಉಳಿದ ಒಬ್ಬರೆಂದರೆ ಅಷ್ಟರಲ್ಲಿ ಅಧ್ಯಕ್ಷರಾಗಿದ್ದ ಮಾರ್ಕೋಸ್ ಜೂನಿಯರ್ ಅವರ ಅಕ್ಕ ಇಮಿ ಮಾರ್ಕೋಸ್! ಸಹಿಯಾದ ಮರುದಿನವೇ ಸುಂಕ ಇಳಿಯುತ್ತದೆಂದು ಬೆಲೆ ನಿಗದಿ ಮಾಡಿದವರಿದ್ದರೆ ಎರಡು ವರ್ಷಕ್ಕೂ ಮಿಕ್ಕಿ ಕೈಸುಟ್ಟುಕೊಂಡಿರುತ್ತಾರೆ.

ಒಳದಾರಿ ಇಲ್ಲವೆಂದಲ್ಲ. ಈಗಾಗಲೇ ಇರುವ ಒಪ್ಪಂದ ಅಥವಾ ಕಾನೂನನ್ನು ಜಾರಿಗೊಳಿಸಲು ಸರ್ಕಾರ ತಾನೇ ಮಾಡಿಕೊಳ್ಳುವ ‘ಕಾರ್ಯಾಂಗದ ಒಪ್ಪಂದ’ವಾದರೆ ಸೆನೆಟ್‌ಗೆ ಹೋಗಬೇಕಿಲ್ಲ. 2014ರಲ್ಲಿ ಅಮೆರಿಕದ ಪಡೆಗಳಿಗೆ ಫಿಲಿಪ್ಪೀನ್ಸ್ ನೆಲೆಗಳನ್ನು ಬಳಸಲು ಬಿಟ್ಟ ರಕ್ಷಣಾ ಸಹಕಾರ ಒಪ್ಪಂದ ಬಂದದ್ದು ಹೀಗೆ. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 1991ರಲ್ಲಿ ಮುಂಬಾಗಿಲಲ್ಲಿ ತಡೆದದ್ದನ್ನು ಹಿಂಬಾಗಿಲಿಂದ ಕರೆದಂತಾಯಿತು ಎಂಬ ಟೀಕೆಯಲ್ಲಿ ಹುರುಳಿದೆ ಎಂದೇ ನನ್ನ ಅನಿಸಿಕೆ. ವ್ಯವಹಾರದ ದೃಷ್ಟಿಯಿಂದ ಹೇಳುವುದಾದರೆ, ಕೈಯಲ್ಲಿರುವ ಪತ್ರ ಎರಡರಲ್ಲಿ ಯಾವ ಜಾತಿಯದು ಎಂದು ಅಲ್ಲಿನ ವಿದೇಶಾಂಗ ಇಲಾಖೆಯಿಂದಲೇ ಖಚಿತಪಡಿಸಿಕೊಳ್ಳಬೇಕು.

ಇನ್ನು ಒಪ್ಪಂದದಿಂದ ಹೊರಬರುವ ವಿಚಾರ. ಅದಕ್ಕೂ ಸೆನೆಟ್ ಬೇಕೇ ಎಂಬುದರ ಬಗ್ಗೆ ಸಂವಿಧಾನದಲ್ಲಿ ಚಕಾರವಿಲ್ಲ. 2018ರಲ್ಲಿ ಡುಟರ್ಟೆ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಒಪ್ಪಂದದಿಂದ ಸೆನೆಟ್ ಕೇಳದೆ ಹೊರನಡೆದರು. ಕೆಲವು ಸೆನೆಟರುಗಳು ಅಲ್ಲಿನ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. 2021ರಲ್ಲಿ ಅರ್ಜಿಗಳು ವಜಾ ಆದವು. ಆದರೆ ಸಮ್ಮತಿ ಕೊಡುವಾಗಲೇ ‘ಹೊರಬರಲು ನಮ್ಮ ಒಪ್ಪಿಗೆ ಬೇಕು’ ಎಂದು ಸೆನೆಟ್ ಷರತ್ತು ಹಾಕಿದ್ದರೆ ಅಧ್ಯಕ್ಷರು ಒಬ್ಬರೇ ತೀರ್ಮಾನಿಸುವಂತಿಲ್ಲ ಎಂದು ಕೋರ್ಟ್ ಹೇಳಿತು. ಅಂದಹಾಗೆ, ಹೊರನಡೆದದ್ದು ಡುಟರ್ಟೆಯವರ ಕೈಹಿಡಿಯಲಿಲ್ಲ: ದೇಶ ಸದಸ್ಯನಾಗಿದ್ದ ಅವಧಿಯ ಆರೋಪಗಳಿಗಾಗಿ 2025ರ ಮಾರ್ಚ್‌ನಲ್ಲಿ ಅವರನ್ನು ಬಂಧಿಸಿ ಆ ಅಂತರರಾಷ್ಟ್ರೀಯ ನ್ಯಾಯಾಲಯವಿರುವ ಹೇಗ್‌ಗೆ ಕರೆದೊಯ್ದರು.

ಇತ್ತೀಚಿನ ಹಲವು ಸಮ್ಮತಿ ನಿರ್ಣಯಗಳಲ್ಲಿ ಸೆನೆಟ್ ಈ ಷರತ್ತು ಸೇರಿಸಿದೆ. ಅದು ಒಪ್ಪಂದದ ಪಠ್ಯದಲ್ಲಿ ಸಿಗುವುದಿಲ್ಲ, ನಿರ್ಣಯದಲ್ಲಿರುತ್ತದೆ. ಹಾಗಾಗಿ ಹತ್ತು-ಹದಿನೈದು ವರ್ಷದ ಬಂಡವಾಳ ಹೂಡುವವರಿಗೆ ನಾನು ಒಪ್ಪಂದದ ಜೊತೆ ಸೆನೆಟ್ ನಿರ್ಣಯದ ಪ್ರತಿಯನ್ನೂ ತರಿಸಿ ಕಡತಕ್ಕೆ ಸೇರಿಸಿಕೊಡುತ್ತೇನೆ.