ಸೆಲೆಸ್ತಿನಾ: ಆರು ಕಸುಬಿನ ಮುದುಕಿ

ಸ್ಪ್ಯಾನಿಷ್ ನಿಘಂಟು ತೆರೆದರೆ ‘ಸೆಲೆಸ್ತಿನಾ’ ಎಂಬ ಪದಕ್ಕೆ, ಗುಟ್ಟಿನ ಪ್ರಣಯಕ್ಕೆ ಸಂಧಾನ ನಡೆಸುವ ಹೆಂಗಸು ಎಂಬ ಅರ್ಥ ಸಿಗುತ್ತದೆ. ನಮ್ಮ ಹಳೆಯ ಮಾತಿನಲ್ಲಿ ಕುಂಟಣಿ. ಮೊದಲಿಗೆ ಇದು ಅಂಕಿತನಾಮ, ಒಂದು ಕೃತಿಯ ಪಾತ್ರದ ಹೆಸರು. ಜನರ ಬಾಯಲ್ಲಿ ಓಡಾಡಿ ರೂಢನಾಮವಾಯಿತು. ಹೆಸರಿನ ಲ್ಯಾಟಿನ್ ಮೂಲಕ್ಕೆ ‘ಸ್ವರ್ಗದ’ ಎಂಬರ್ಥವಿರುವುದು ಕುಚೋದ್ಯವೇ ಸರಿ.

ಆ ಕೃತಿ 1499ರಲ್ಲಿ ಸ್ಪೇನಿನ ಬುರ್ಗೋಸ್ ನಗರದಲ್ಲಿ ಅಚ್ಚಾಯಿತು. ಮಧ್ಯಯುಗ ಮುಗಿಯುತ್ತಾ ಬಂದಿದ್ದ ಕಾಲ. ಬರೆದವನು ಫೆರ್ನಾಂದೊ ದೆ ರೋಹಾಸ್, ಸಾಲಮಾಂಕಾದಲ್ಲಿ ಕಾನೂನು ಓದಿದವನು. ಮೊದಲ ಅಂಕ ಬೇರೆ ಯಾರೋ ಬರೆದದ್ದು, ತಾನು ಮುಂದುವರಿಸಿದೆ ಎಂದು ಅವನೇ ಹೇಳಿಕೊಂಡಿದ್ದಾನೆ. ಹದಿನಾರು ಅಂಕಗಳಿದ್ದದ್ದು ಮುಂದೆ ಇಪ್ಪತ್ತೊಂದಾಯಿತು. ಶೀರ್ಷಿಕೆಯಲ್ಲಿದ್ದವರು ಪ್ರೇಮಿಗಳಾದ ಕಲಿಸ್ತೊ ಮತ್ತು ಮೆಲಿಬೆಯಾ. ಓದುಗರು ಅವರಿಬ್ಬರನ್ನೂ ಪಕ್ಕಕ್ಕೆ ಸರಿಸಿ, ಪುಸ್ತಕವನ್ನು ಮುದುಕಿಯ ಹೆಸರಿನಿಂದಲೇ ಕರೆಯತೊಡಗಿದರು.

ಅವಳ ಮನೆ ಊರಾಚೆ, ಚರ್ಮ ಹದಮಾಡುವವರ ಕೇರಿಯ ಹತ್ತಿರ, ಹೊಳೆಯ ದಡದ ಏರಿನಲ್ಲಿ, ಅರ್ಧ ಕುಸಿದದ್ದು. ಅವಳಿಗೆ ಆರು ಕಸುಬು: ಹೊಲಿಗೆ, ಸುಗಂಧದ್ರವ್ಯ, ಮುಖಕ್ಕೆ ಬಳಿಯುವ ಬಣ್ಣ, ಕಳೆದ ಕನ್ಯತ್ವವನ್ನು ‘ರಿಪೇರಿ’ ಮಾಡುವುದು, ತಲೆಹಿಡುಕತನ, ಮತ್ತು ಚೂರು ಮಾಟ. ಮೊದಲನೆಯದು ಉಳಿದೆಲ್ಲಕ್ಕೂ ಮುಸುಕು. ನೂಲು ಮಾರುವವಳನ್ನು ಯಾವ ಮನೆಯವರು ತಾನೇ ಬಾಗಿಲಲ್ಲೇ ತಡೆದಾರು?

ನಾಲ್ಕನೆಯ ಅಂಕದಲ್ಲಿ ಅವಳು ಮೆಲಿಬೆಯಾಳ ಮನೆಯೊಳಗೆ ಕಾಲಿಡುವುದು ಆ ನೂಲು ಹಿಡಿದೇ. ಹುಡುಗಿಯ ತಾಯಿ ಕಾಯಿಲೆ ಬಿದ್ದ ಸೋದರಿಯನ್ನು ನೋಡಲು ಹೊರಡುತ್ತಾಳೆ. ಮುದುಕಿ ಮೆಲ್ಲನೆ, ತನ್ನನ್ನು ಸಂಧಾನಕ್ಕೆ ಹಚ್ಚಿದ ಕಲಿಸ್ತೊನ ಹೆಸರೆತ್ತುತ್ತಾಳೆ. ಹುಡುಗಿ ಕೆಂಡವಾಗುತ್ತಾಳೆ. ಇನ್ನೊಬ್ಬಳಾಗಿದ್ದರೆ ಎದ್ದು ಓಡುತ್ತಿದ್ದಳು. ಇವಳು ಕೂತಲ್ಲೇ ಮಾತು ತಿರುಗಿಸುತ್ತಾಳೆ: ಪಾಪ, ಅವನಿಗೆ ಹಲ್ಲುನೋವು, ಸಂತ ಅಪೊಲೋನಿಯಾಳ ಪ್ರಾರ್ಥನೆ ನಿನಗೆ ಬರುತ್ತದಂತೆ, ಜೊತೆಗೆ ಪವಿತ್ರ ಅವಶೇಷಗಳಿಗೆ ತಾಗಿಸಿದ ನಿನ್ನ ನಡುಪಟ್ಟಿ ಕೊಟ್ಟರೆ ಸಾಕು. ಸಿಟ್ಟು ಇಳಿಯುತ್ತದೆ, ನಡುಪಟ್ಟಿ ಕೈಗೆ ಬರುತ್ತದೆ. ಮುಂದೆ ಗೋಪುರದಿಂದ ಹಾರುವವರೆಗೂ ಮೆಲಿಬೆಯಾ ಎಳೆಯುವ ದಾರ ಇಲ್ಲಿಂದಲೇ ಬಿಚ್ಚಿಕೊಳ್ಳುತ್ತದೆ.

ಇಂಥವಳನ್ನು ‘ಗಟ್ಟಿ ಹೆಣ್ಣು’ ಎನ್ನಬಹುದೇ? ಒಳ್ಳೆಯವಳೇ ಗಟ್ಟಿಯಾಗಿರಬೇಕು ಎಂಬ ಹಟವಿಲ್ಲದಿದ್ದರೆ ಧಾರಾಳವಾಗಿ ಎನ್ನಬಹುದು. ಅವಳಿಗೆ ಮುಂಚೆ ‘ಟ್ರೋಟಕಾನ್ವೆಂತೋಸ್’ ಇದ್ದಳು, ಎಂದರೆ ಮಠದಿಂದ ಮಠಕ್ಕೆ ತಿರುಗುವವಳು. ಹದಿನಾಲ್ಕನೆಯ ಶತಮಾನದಲ್ಲಿ ಹುವಾನ್ ರೂಯಿಜ್ ಎಂಬ ಪಾದ್ರಿಕವಿ ಸೃಷ್ಟಿಸಿದ ಆ ದೂತಿಯ ಹೆಸರೂ ನಿಘಂಟು ಸೇರಿದೆ. ಆದರೆ ಅವಳು ಇನ್ನೊಬ್ಬನ ಕೆಲಸ ಮಾಡಿಕೊಡುವವಳು. ಸೆಲೆಸ್ತಿನಾ ತನ್ನ ಲೆಕ್ಕ ತಾನೇ ಇಟ್ಟುಕೊಂಡವಳು. ಊರಿಡೀ ಅವಳನ್ನು ‘ಮುದಿ ಸೂಳೆ’ ಎನ್ನುತ್ತದೆ; ಆ ಕೂಗು ಕಿವಿಗೆ ಬಿದ್ದರೆ ಅವಳು ನಗುಮುಖದಿಂದಲೇ ತಿರುಗುತ್ತಾಳೆ ಎಂದು ಕಲಿಸ್ತೊನ ಆಳು ಪಾರ್ಮೆನೊ ವರ್ಣಿಸುತ್ತಾನೆ. ನಾಯಿ ಬೊಗಳಿದರೂ, ಕಮ್ಮಾರನ ಸುತ್ತಿಗೆ ಬಡಿದರೂ ಅದೇ ಮಾತು ಕೇಳಿಸುತ್ತದಂತೆ.

ಅದೇ ಪಾರ್ಮೆನೊ ಮತ್ತು ಅವನ ಜೊತೆಗಾರ ಸೆಂಪ್ರೋನಿಯೊ ಹನ್ನೆರಡನೆಯ ಅಂಕದಲ್ಲಿ ರಾತ್ರಿ ಬಂದು, ಕಲಿಸ್ತೊ ಅವಳಿಗೆ ಕೊಟ್ಟ ಚಿನ್ನದ ಸರದಲ್ಲಿ ಪಾಲು ಕೇಳುತ್ತಾರೆ. ಅವಳು ಕೊಡುವುದಿಲ್ಲ. ದೇವರು ಮಾಡಿದಂಥ ಮುದುಕಿ ನಾನು, ಉಳಿದವರಿಗಿಂತ ಕೆಟ್ಟವಳಲ್ಲ, ಎಲ್ಲ ಕಸುಬುದಾರರಂತೆ ನನ್ನ ಕಸುಬಿನಿಂದ ಬದುಕುತ್ತೇನೆ ಎನ್ನುತ್ತಾಳೆ. ಅವರು ಕತ್ತಿ ಹಿರಿಯುತ್ತಾರೆ. ಸರ ಮಾತ್ರ ಅವರ ಕೈಗೆ ಸಿಗುವುದಿಲ್ಲ.