ಓದುಗರ ಪ್ರಶ್ನೆ: ಮರದ ಪಟ್ಟಿಯ ಮೇಲಿನ ಗಾರೆ ಅಂಟು ಬಿಟ್ಟಿದೆಯೇ?

ಪ್ರಶ್ನೆ: ಬಾಸ್ಟನ್ ಬಳಿ 1920ರ ದಶಕದ ಮನೆಯೊಂದನ್ನು ಕೊಂಡಿದ್ದೇವೆ. ಮಲಗುವ ಕೋಣೆಯ ಚಾವಣಿಯ ಗಾರೆ ಬಿರುಕು ಬಿಟ್ಟು ತುಸು ಜೋತಿದೆ. ಹಳೆಯ ಮರದ ಪಟ್ಟಿಗಳಿಂದ ಗಾರೆಯ ಅಂಟು ಬಿಟ್ಟಿದೆ, ಎಲ್ಲವನ್ನೂ ಕಿತ್ತು ಜಿಪ್ಸಮ್ ಬೋರ್ಡ್ ಹಾಕಿಸಿ ಎನ್ನುತ್ತಾರೆ. ನಿಜವೇ?

ಉತ್ತರ: ಕೀಳಿಸಲು ಅವಸರ ಮಾಡಬೇಡಿ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದರೂ ಅದರೊಳಗಿನ ತಪ್ಪು ತಿಳಿವಳಿಕೆ ಮಾತ್ರ ಹಾಗೆಯೇ ಉಳಿದಿದೆ. ಗಾರೆ ಮರಕ್ಕೆ ಅಂಟಿಕೊಂಡು ನಿಂತಿರುವುದೇ ಇಲ್ಲ. ಸುಮಾರು ಒಂದೂವರೆ ಇಂಚು ಅಗಲ, ಕಾಲು ಇಂಚು ದಪ್ಪ, 4 ಅಡಿ ಉದ್ದದ ಪಟ್ಟಿಗಳನ್ನು ತೊಲೆಗಳಿಗೆ ಅಡ್ಡಲಾಗಿ ಮೊಳೆ ಹೊಡೆದು ಕೂರಿಸುವಾಗ, ಒಂದಕ್ಕೂ ಇನ್ನೊಂದಕ್ಕೂ ನಡುವೆ ಹೆಚ್ಚುಕಡಿಮೆ ಕಾಲು ಇಂಚಿನ ಸಂದನ್ನು ಬೇಕೆಂದೇ ಬಿಡುತ್ತಿದ್ದರು. ಮೊದಲ ಪದರದ ಹಸಿ ಗಾರೆಯನ್ನು ಕರಣೆಯಿಂದ ಒತ್ತಿದಾಗ ಅದು ಆ ಸಂದುಗಳಲ್ಲಿ ನುಗ್ಗಿ, ಹಿಂಬದಿಯಲ್ಲಿ ಪಟ್ಟಿಯ ಮೇಲೆ ಮಗುಚಿಕೊಂಡು ಗಟ್ಟಿಯಾಗುತ್ತದೆ. ಹೀಗೆ ಉಂಟಾದ ಕೊಕ್ಕೆಗಳೇ ಇಡೀ ಚಾವಣಿಯ ಭಾರವನ್ನು ಹೊರುತ್ತವೆ. ಅಂಟೇ ಆಧಾರವಾಗಿದ್ದರೆ ಸಂದು ಬಿಡುವ ಅಗತ್ಯವೇನಿತ್ತು? ಅಗಲವಾದ ಹಲಗೆಗಳನ್ನೇ ಒತ್ತೊತ್ತಾಗಿ ಜೋಡಿಸಬಹುದಿತ್ತು. ನಮ್ಮ ಮಲೆನಾಡಿನಲ್ಲಿ ತಡಿಕೆ ಗೋಡೆಗೆ ಮಣ್ಣು ಮೆತ್ತಿದವರಿಗೆ ಇದನ್ನು ವಿವರಿಸಬೇಕಿಲ್ಲ. ಅಲ್ಲಿಯೂ ಮಣ್ಣು ನಿಲ್ಲುವುದು ಬಿದಿರಿನ ಸಂದುಗಳನ್ನು ಹಿಡಿದುಕೊಂಡೇ.

ಆದ್ದರಿಂದ ನಿಮ್ಮ ಚಾವಣಿಯಲ್ಲಿ ಕೆಟ್ಟಿರುವುದು ಬಹುಶಃ ಮರವಲ್ಲ, ಕೊಕ್ಕೆ. ಸೋರುವ ನೀರು, ವರ್ಷಗಟ್ಟಲೆಯ ಅದುರುವಿಕೆ, ಚಿತ್ರ ತೂಗುಹಾಕಲು ಸುತ್ತಿಗೆಯಿಂದ ಹೊಡೆದ ಮೊಳೆ, ಅಟ್ಟದಲ್ಲಿ ಸಾಮಾನು ಎಳೆದಾಡುವುದು, ಇವೆಲ್ಲ ಕೊಕ್ಕೆಗಳನ್ನು ಮುರಿಯುತ್ತವೆ. ಬಿರುಕಿನ ಪಕ್ಕದಲ್ಲಿ ಅಂಗೈಯಿಟ್ಟು ಮೆಲ್ಲಗೆ ಒತ್ತಿ ನೋಡಿ. ಅಲುಗದಿದ್ದರೆ ಬಿರುಕು ಮುಚ್ಚಿದರೆ ಸಾಕು. ಮೇಲಕ್ಕೆ ಹೋಗಿ ಮತ್ತೆ ಕೆಳಗಿಳಿದರೆ ಅಷ್ಟು ಭಾಗದ ಕೊಕ್ಕೆಗಳು ಹೋಗಿವೆಯೆಂದು ತಿಳಿಯಿರಿ. ಅಗಲವಾದ ವಾಷರ್ ತೊಡಿಸಿದ ಸ್ಕ್ರೂಗಳಿಂದಲೋ, ರಂಧ್ರ ಕೊರೆದು ಒಳಕ್ಕೆ ತುಂಬುವ ಅಂಟಿನಿಂದಲೋ ಅದನ್ನು ಪಟ್ಟಿಗೆ ಮತ್ತೆ ಬಿಗಿಯಬಹುದು. ಹೊಟ್ಟೆ ಬಿಟ್ಟಂತೆ ದೊಡ್ಡದಾಗಿ ಜೋತಿದ್ದರೆ ಮಾತ್ರ ಒತ್ತಿ ನೋಡಲೂ ಹೋಗಬೇಡಿ, ಅದರ ಕೆಳಗೆ ಮಲಗಲೂ ಬೇಡಿ. ಗಾರೆ ಬಹಳ ಭಾರ. ಅನುಭವಿ ಗಾರೆಯವರನ್ನೇ ಕರೆಸಿ.

ಅಟ್ಟಕ್ಕೆ ಹತ್ತಲು ಸಾಧ್ಯವಿದ್ದರೆ ತೊಲೆಗಳ ಮೇಲೆಯೇ ಕಾಲಿಟ್ಟು, ಟಾರ್ಚ್ ಹಿಡಿದು ಚಾವಣಿಯ ಹಿಂಬದಿಯನ್ನು ನೋಡಿ. ಪಟ್ಟಿಗಳ ನಡುವೆ ಉಬ್ಬಿ ಮಗುಚಿದ ಒರಟು ಗಾರೆಯಿಂದ ಕೂದಲೆಳೆಗಳು ಹೊರಚಾಚಿರುವುದು ಕಾಣಬಹುದು. ಅದು ಕಸವಲ್ಲ. ದನದ ಅಥವಾ ಕುದುರೆಯ ಕೂದಲನ್ನು ಮೊದಲ ಪದರಕ್ಕೆ ಬೆರೆಸುತ್ತಿದ್ದುದು, ಹಸಿ ಗಾರೆ ಸಂದಿನಲ್ಲಿ ಬಾಗುವಾಗ ತನ್ನ ಭಾರಕ್ಕೇ ತುಂಡಾಗಿ ಬೀಳದಿರಲಿ ಎಂದು. ಪಟ್ಟಿಗಳ ಮೈಯನ್ನೂ ಗಮನಿಸಿ: ಗರಗಸದ ಗುರುತಿಲ್ಲದೆ ಮರದ ಎಳೆಯನ್ನು ಅನುಸರಿಸಿ ಅಂಕುಡೊಂಕಾಗಿದ್ದರೆ ಅವು ಕೈಯಿಂದ ಸೀಳಿದವು, ಒಂದೇ ಅಳತೆಯಲ್ಲಿ ನೇರವಾಗಿದ್ದರೆ ಯಂತ್ರದ ಗರಗಸದಲ್ಲಿ ಕೊಯ್ದವು. ನಿಮ್ಮ ಮನೆಯ ಕಾಲಕ್ಕೆ ಎರಡನೆಯದೇ ಸಹಜ.