ನೋವಿಲ್ಲದ ಹಲ್ಲಿನ ಸೋಂಕು: ಚಿಕಿತ್ಸೆ ಬೇಕಾ, ಬೇಡ್ವಾ?

ಬೇರೆ ಯಾವುದಕ್ಕೋ ತೆಗೆದ ಎಕ್ಸ್‌ರೇ ನೋಡಿ ಡಾಕ್ಟರು, "ಈ ದವಡೆ ಹಲ್ಲಿನ ಬೇರಿನ ತುದಿಯಲ್ಲಿ ಸೋಂಕಿದೆ" ಅನ್ನುತ್ತಾರೆ. ಆ ಹಲ್ಲು ಒಂದು ದಿನವೂ ತೊಂದರೆ ಕೊಟ್ಟಿರುವುದಿಲ್ಲ. ದಿನಾ ಅದರಲ್ಲೇ ಅಗಿದು ಊಟ ಮಾಡಿರುತ್ತೇವೆ. ಇಲ್ಲದ ನೋವಿಗೆ ರೂಟ್ ಕೆನಾಲ್ (ಹಲ್ಲಿನ ಒಳಭಾಗವನ್ನು ಶುಚಿ ಮಾಡಿ ತುಂಬುವ ಚಿಕಿತ್ಸೆ) ಯಾಕೆ ಅನ್ನಿಸುವುದು ಸಹಜ ಅಲ್ವಾ? ಅನುಮಾನ ಪಡುವುದರಲ್ಲಿ ತಪ್ಪಿಲ್ಲ. ಆದರೆ ನೋವು ಇದೆಯೋ ಇಲ್ಲವೋ ಎಂಬುದರ ಮೇಲೆ ಮಾತ್ರ ತೀರ್ಮಾನ ಮಾಡಿದರೆ ಎಡವುತ್ತೇವೆ.

ಹಲ್ಲಿನ ಗಟ್ಟಿ ಪದರಗಳ ಒಳಗೆ ಮೆತ್ತಗಿನ ತಿರುಳು ಇರುತ್ತದೆ. ರಕ್ತನಾಳ, ನರ ಎಲ್ಲ ಇರುವುದು ಅಲ್ಲೇ. ಹುಳುಕು ಆಳಕ್ಕಿಳಿದು ಬ್ಯಾಕ್ಟೀರಿಯಾಗಳು ಅದನ್ನು ಮುಟ್ಟಿದಾಗ ತಿರುಳು ಊದಿಕೊಳ್ಳಲು ನೋಡುತ್ತದೆ. ಸುತ್ತ ಗಟ್ಟಿ ಗೋಡೆ, ಊದಲು ಜಾಗವಿಲ್ಲ. ಒಳಗಿನ ಒತ್ತಡ ಏರುತ್ತದೆ. ರಾತ್ರಿ ನಿದ್ದೆ ಕೆಡಿಸುವ ಹಲ್ಲುನೋವು ಇದೇ. ಹಾಗೇ ಬಿಟ್ಟರೆ ಕೊನೆಗೆ ತಿರುಳು ಸಾಯುತ್ತದೆ. ನರವೇ ಸತ್ತ ಮೇಲೆ ನೋವು ಎಲ್ಲಿಂದ ಬರಬೇಕು? "ತಾನಾಗೇ ವಾಸಿಯಾಯ್ತು" ಅಂತ ಎಷ್ಟೋ ಜನ ನೆಮ್ಮದಿಪಡುವುದು ಸರಿಯಾಗಿ ಈ ಹೊತ್ತಿನಲ್ಲೇ. ಇನ್ನು ಕೆಲವು ಹಲ್ಲುಗಳಲ್ಲಿ ತಿರುಳು ಸದ್ದಿಲ್ಲದೆ ಸಾಯುತ್ತದೆ. ಚಿಕ್ಕಂದಿನಲ್ಲಿ ಬಿದ್ದು ಪೆಟ್ಟಾದ ಮುಂದಿನ ಹಲ್ಲು ವರ್ಷಗಳ ಮೇಲೆ ಕಪ್ಪಾಗುವುದನ್ನು ನೀವೂ ನೋಡಿರಬಹುದು.

ಸತ್ತ ತಿರುಳಿನಲ್ಲಿ ರಕ್ತ ಓಡಾಡುವುದಿಲ್ಲ. ಹಾಗಾಗಿ ದೇಹದ ರಕ್ಷಣೆಯ ಕಣಗಳು ಅಲ್ಲಿಗೆ ತಲುಪುವುದಿಲ್ಲ. ಬ್ಯಾಕ್ಟೀರಿಯಾಗಳು ಆರಾಮವಾಗಿ ನೆಲೆಸುತ್ತವೆ. ಅವುಗಳ ವಿಷ ಬೇರಿನ ತುದಿಯಿಂದ ಆಚೆ ಜಿನುಗುತ್ತಿರುತ್ತದೆ. ದೇಹವಾದರೂ ಸುಮ್ನೆ ಕೂರುವುದಿಲ್ಲ. ತುದಿಯ ಸುತ್ತಲಿನ ಮೂಳೆಯನ್ನು ಕರಗಿಸಿ, ಆ ಜಾಗದಲ್ಲಿ ರಕ್ಷಣೆಯ ಕಣಗಳು ತುಂಬಿದ ಮೆತ್ತನೆಯ ಅಂಗಾಂಶದ ಬೇಲಿ ಹಾಕುತ್ತದೆ. ಎಕ್ಸ್‌ರೇಯಲ್ಲಿ ಕಾಣುವ ಕಪ್ಪು ಚುಕ್ಕೆ ಈ ಬೇಲಿಯ ಜಾಗ. ಮೂಳೆಯ ಖನಿಜಾಂಶ ಸುಮಾರು ಶೇಕಡಾ 30ರಿಂದ 50ರಷ್ಟು ಹೋದ ಮೇಲೆಯೇ ಅದು ಸಾಮಾನ್ಯ ಎಕ್ಸ್‌ರೇಯಲ್ಲಿ ಚೆನ್ನಾಗಿ ಕಾಣುವುದು. ಅಂದರೆ ಕಣ್ಣಿಗೆ ಬಿದ್ದ ಚುಕ್ಕೆ ನಿನ್ನೆ ಮೊನ್ನೆಯದಲ್ಲ.

ಇದಕ್ಕೆಲ್ಲ ಮೂಲ ಬ್ಯಾಕ್ಟೀರಿಯಾಗಳೇ ಅಂತ 1965ರಲ್ಲಿ ಕಾಕೆಹಾಶಿ, ಸ್ಟ್ಯಾನ್ಲಿ, ಫಿಟ್ಜ್‌ಜೆರಾಲ್ಡ್ ಎಂಬ ಸಂಶೋಧಕರು ಸೊಗಸಾಗಿ ತೋರಿಸಿಕೊಟ್ಟರು. ಇಲಿಗಳ ದವಡೆ ಹಲ್ಲನ್ನು ಕೊರೆದು, ತಿರುಳು ತೆರೆದಿರುವಂತೆ ಬಿಟ್ಟರು. ಸಾಮಾನ್ಯ ಇಲಿಗಳಲ್ಲಿ ತಿರುಳು ಸತ್ತು ಕೀವಾಯಿತು. ಹುಟ್ಟಿನಿಂದ ಒಂದೂ ರೋಗಾಣು ಸೋಕದಂತೆ ಬೆಳೆಸಿದ ಇಲಿಗಳಲ್ಲಿ ತೂತಿನೊಳಗೆ ಆಹಾರ ತುರುಕಿಕೊಂಡಿದ್ದರೂ ತಿರುಳು ಬದುಕಿತು. ಅಷ್ಟೇ ಅಲ್ಲ, ತೆರೆದ ಜಾಗಕ್ಕೆ ಅಡ್ಡಲಾಗಿ ಹೊಸ ಗಟ್ಟಿ ಪದರವನ್ನೂ ಕಟ್ಟಿಕೊಂಡಿತು. ನನಗೆ ತುಂಬ ಮೆಚ್ಚುಗೆಯಾದ ಪ್ರಯೋಗ ಇದು.

ಕೆಲವರಿಗೆ ಒಸಡಿನ ಮೇಲೆ ಸಣ್ಣ ಗುಳ್ಳೆ ಏಳುತ್ತದೆ. ಒತ್ತಿದರೆ ಒಂದು ಹನಿ ಕೀವು, ಬಾಯಲ್ಲಿ ಕೆಟ್ಟ ರುಚಿ. ಎರಡು ದಿನಕ್ಕೆ ಮಾಯ, ತಿಂಗಳಿಗೆ ಮತ್ತೆ ಹಾಜರು. ನೋವು ಮಾತ್ರ ಇಲ್ಲ. ಯಾಕೆಂದರೆ ಕೀವು ಹೊರಬರಲು ದಾರಿ ಸಿಕ್ಕಿದೆ, ಒಳಗೆ ಒತ್ತಡ ಕಟ್ಟುವುದಿಲ್ಲ. ಗುಳ್ಳೆ ಒಂದು ಹಲ್ಲಿನ ಹತ್ತಿರ, ತಪ್ಪಿತಸ್ಥ ಹಲ್ಲು ಪಕ್ಕದ್ದು, ಹೀಗೂ ಆಗುತ್ತದೆ. ಅದಕ್ಕೇ ಡಾಕ್ಟರು ಗಟ್ಟಾ ಪರ್ಚಾ ಎಂಬ ರಬ್ಬರಿನಂಥ ಪದಾರ್ಥದ ತೆಳು ಕಡ್ಡಿಯನ್ನು ಗುಳ್ಳೆಯ ಬಾಯಿಂದ ಮೆಲ್ಲಗೆ ಒಳಗೆ ಸರಿಸಿ ಎಕ್ಸ್‌ರೇ ತೆಗೆಯುತ್ತಾರೆ. ಕಡ್ಡಿಯ ತುದಿ ಹೋಗಿ ನಿಂತದ್ದು ಯಾವ ಬೇರಿನ ಬಳಿಯೋ, ಕೀವಿನ ಮೂಲ ಅದೇ.

ಹಾಗಂತ ಕಪ್ಪು ಕಂಡಿದ್ದೆಲ್ಲ ಸೋಂಕಲ್ಲ. ಕೆಳದವಡೆಯಲ್ಲಿ ನರ ಹೊರಬರುವ ಸಹಜ ರಂಧ್ರ ಬೇರಿನ ತುದಿಯ ಮೇಲೇ ಬಿದ್ದಂತೆ ಕಾಣಬಹುದು. ಮೂಳೆಯದೇ ಒಂದು ಬದಲಾವಣೆ ಇದೆ, ಅದೂ ಥೇಟ್ ಹೀಗೇ ಕಾಣುತ್ತದೆ. ಅದಕ್ಕೆ ರೂಟ್ ಕೆನಾಲ್ ಬೇಕಾಗಿಯೇ ಇಲ್ಲ, ಹಲ್ಲು ಜೀವಂತವಾಗಿರುತ್ತದೆ. ಆದ್ದರಿಂದ ನೀವು ಮೊದಲು ಕೇಳಬೇಕಾದ ಪ್ರಶ್ನೆ: "ಈ ಹಲ್ಲಿನ ನರ ಸತ್ತಿದೆ ಅಂತ ಹೇಗೆ ಗೊತ್ತಾಯ್ತು?" ತುಂಬ ತಣ್ಣಗೆ ಮಾಡಿದ ಹತ್ತಿಯನ್ನು ಹಲ್ಲಿಗೆ ತಾಗಿಸಿ ನೋಡುವುದು ಸರಳ ಪರೀಕ್ಷೆ. ಅಕ್ಕಪಕ್ಕದ ಹಲ್ಲು ಚುರುಕ್ಕೆಂದು, ಇದೊಂದಕ್ಕೆ ಏನೂ ಅನ್ನಿಸದಿದ್ದರೆ ಅನುಮಾನ ಗಟ್ಟಿ. ಈ ಪರೀಕ್ಷೆಯೂ ಒಮ್ಮೊಮ್ಮೆ ತಪ್ಪುವುದುಂಟು. ಅದಕ್ಕೇ ತಟ್ಟಿ ನೋಡುವುದು, ಒಸಡು ನೋಡುವುದು, ಎಕ್ಸ್‌ರೇ ಎಲ್ಲವನ್ನೂ ಸೇರಿಸಿ ಓದಬೇಕು.

ನರ ಸತ್ತಿದೆ, ಈ ಹಿಂದೆ ರೂಟ್ ಕೆನಾಲ್ ಆಗಿಲ್ಲ, ಬೇರಿನ ತುದಿಯಲ್ಲಿ ಚುಕ್ಕೆ ಇದೆ ಅಂತಾದರೆ ನನ್ನ ಮಾತು ಖಚಿತ: ಚಿಕಿತ್ಸೆ ಮಾಡಿಸಿ. ಸೋಂಕಿನ ಮೂಲ ಹಲ್ಲಿನೊಳಗೇ ಇರುವವರೆಗೆ ಅದು ತಾನಾಗಿ ವಾಸಿಯಾಗುವ ದಾರಿ ಇಲ್ಲ. ಚುಕ್ಕೆ ದೊಡ್ಡದಾದಷ್ಟೂ ರೂಟ್ ಕೆನಾಲ್ ಫಲಿಸುವ ಸಾಧ್ಯತೆ ಇಳಿಯುತ್ತದೆ. ತಡ ಮಾಡುತ್ತಾ ಹೋದರೆ ಹಲ್ಲು ಹುಳುಕಿಯೋ ಸೀಳಿಯೋ ಉಳಿಸಲಾಗದ ಹಂತಕ್ಕೆ ಬರಬಹುದು. ಹಲ್ಲು ಕೀಳಿಸುವುದೂ ಚಿಕಿತ್ಸೆಯೇ, ಸೋಂಕಿನ ಮೂಲ ಅದರ ಜೊತೆ ಹೋಗುತ್ತದೆ. ಆದರೆ ಆಂಟಿಬಯಾಟಿಕ್ ಮಾತ್ರೆ ಇದಕ್ಕೆ ಪರಿಹಾರವಲ್ಲ. ರಕ್ತವೇ ಹೋಗದ ಕಡೆ ರಕ್ತದಲ್ಲಿ ಬೆರೆತ ಔಷಧಿ ಹೋಗುವುದಾದರೂ ಹೇಗೆ? ಅಮೆರಿಕದ ದಂತವೈದ್ಯರ ಸಂಘ 2019ರ ಮಾರ್ಗಸೂಚಿಯಲ್ಲಿ ಇಂಥ ಬಹುಪಾಲು ತೊಂದರೆಗಳಿಗೆ ಆಂಟಿಬಯಾಟಿಕ್ ಬೇಡ ಅಂತಲೇ ಹೇಳಿದೆ.

ಹಳೆಯ ರೂಟ್ ಕೆನಾಲ್ ಆದ ಹಲ್ಲಿನಲ್ಲಿ ಚುಕ್ಕೆ ಕಂಡರೆ ಲೆಕ್ಕ ಬೇರೆ. ಮೂಳೆ ಮತ್ತೆ ತುಂಬಿಕೊಳ್ಳಲು ಕೆಲವೊಮ್ಮೆ ನಾಲ್ಕು ವರ್ಷ ಬೇಕಾಗುತ್ತದೆ. ಕೆಲವರಲ್ಲಿ ವಾಸಿಯಾದ ಮೇಲೂ ಗಾಯದ ಕಲೆಯಂತೆ ಅಲ್ಲಿ ಕಪ್ಪು ಉಳಿಯುತ್ತದೆ. ಮತ್ತೆ ಚಿಕಿತ್ಸೆ ಅಂದರೆ ಕ್ಯಾಪ್ ಬಿಚ್ಚಬೇಕು, ಹಳೆಯದನ್ನೆಲ್ಲ ಕೆರೆದು ತೆಗೆಯಬೇಕು, ಆಗ ಬೇರು ಸೀಳುವ ಅಪಾಯವೂ ಇದೆ. ಗುಳ್ಳೆ ಇಲ್ಲ, ಒತ್ತಿದರೆ ನೋವಿಲ್ಲ, ಹಳೆಯ ಎಕ್ಸ್‌ರೇ ಪಕ್ಕ ಇಟ್ಟು ನೋಡಿದರೆ ಚುಕ್ಕೆ ಬೆಳೆದಿಲ್ಲ ಅಂದರೆ, ಡಾಕ್ಟರ ಜೊತೆ ಮಾತಾಡಿ ವರ್ಷಕ್ಕೊಮ್ಮೆ ನೋಡುತ್ತಾ ಕಾಯುವುದು ಒಳ್ಳೆಯ ನಿರ್ಧಾರವೇ. ಬೆಳೆದಿದ್ದರೆ ಕಾಯಬೇಡಿ.

ಇನ್ನೊಂದು ಕಡೆಯ ಭಯವೂ ಇದೆ: ಈ ಸೋಂಕು ಇಡೀ ಮೈಯನ್ನೇ ಹಾಳು ಮಾಡುತ್ತದೆ ಅನ್ನುವುದು. 1910ರಲ್ಲಿ ವಿಲಿಯಂ ಹಂಟರ್ ಎಂಬ ಬ್ರಿಟಿಷ್ ವೈದ್ಯ ಕೆನಡಾದ ಮಾಂಟ್ರಿಯಲ್‌ನಲ್ಲಿ ಮಾಡಿದ ಭಾಷಣದಿಂದ ಇದು ಜೋರಾಯಿತು. ಮುಂದಿನ ದಶಕಗಳಲ್ಲಿ ಕೀಲುನೋವಿಗೂ ಹಲ್ಲು ಕಿತ್ತರು. ಅಮೆರಿಕದ ಟ್ರೆಂಟನ್‌ನಲ್ಲಿ ಹೆನ್ರಿ ಕಾಟನ್ ಎಂಬ ಮನೋವೈದ್ಯ ಮನೋರೋಗಿಗಳ ಹಲ್ಲುಗಳನ್ನೇ ಕೀಳಿಸಿದ. ಅವರ ಕಾಯಿಲೆ ವಾಸಿಯಾಗಲಿಲ್ಲ, ಹಲ್ಲು ಹೋದದ್ದೇ ಬಂತು. ಹೃದ್ರೋಗಕ್ಕೂ ಬೇರಿನ ಸೋಂಕಿಗೂ ನಂಟು ಇರಬಹುದು ಅನ್ನುವ ಅಧ್ಯಯನಗಳು ಇಂದೂ ಬರುತ್ತಿವೆ. ಒಂದರಿಂದ ಇನ್ನೊಂದು ಬಂತು ಅನ್ನುವುದು ಮಾತ್ರ ಸಾಬೀತಾಗಿಲ್ಲ.

ಆದರೆ ಕೆಲವರು ನಿಜಕ್ಕೂ ಜಾಸ್ತಿ ಎಚ್ಚರವಾಗಿರಬೇಕು. ಹೃದಯದಲ್ಲಿ ಕೃತಕ ಕವಾಟ ಇರುವವರು ಅಥವಾ ಹಾಕಿಸಿಕೊಳ್ಳಲಿರುವವರು, ಅಂಗಾಂಗ ಕಸಿಗೆ ಕಾದಿರುವವರು, ಕೀಮೋಥೆರಪಿಗೆ ಅಥವಾ ತಲೆ, ಕುತ್ತಿಗೆಯ ಭಾಗಕ್ಕೆ ರೇಡಿಯೇಷನ್‌ಗೆ ಹೊರಟವರು, ಮೂಳೆ ಸವೆತಕ್ಕೆ ಬಿಸ್ಫಾಸ್ಫೊನೇಟ್ ಎಂಬ ಔಷಧಿ ಶುರು ಮಾಡಲಿರುವವರು ತಮ್ಮ ಡಾಕ್ಟರಿಗೆ ಈ ಹಲ್ಲಿನ ಸಂಗತಿಯನ್ನು ಮೊದಲೇ ಹೇಳಬೇಕು. ರೇಡಿಯೇಷನ್ ಆದ ಮೇಲೆ ಹಲ್ಲು ಕಿತ್ತರೆ ದವಡೆ ಮೂಳೆಯ ಗಾಯ ಮಾಯದೇ ಉಳಿಯಬಹುದು. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಿಗೂ ಕಾಯುವ ಆಟ ಒಳ್ಳೆಯದಲ್ಲ.

ಕಾಯಲು ನಿರ್ಧರಿಸಿದ ಯಾರೇ ಆಗಲಿ, ಯಾವಾಗ ಕಾಯಬಾರದು ಅನ್ನುವುದು ಗೊತ್ತಿರಬೇಕು. ತೆಪ್ಪಗಿದ್ದ ಸೋಂಕು ಒಂದೆರಡು ದಿನದಲ್ಲೇ ಕೆರಳಬಹುದು. ಮುಖ ಊದಿಕೊಂಡರೆ, ಜ್ವರ ಬಂದರೆ ಅವತ್ತೇ ಡಾಕ್ಟರನ್ನು ನೋಡಿ. ಬಾಯಿ ತೆರೆಯಲು ಆಗದಿದ್ದರೆ, ಊತ ಕಣ್ಣಿನ ಕಡೆಗೋ ಗದ್ದದ ಕೆಳಗೋ ಹರಡಿದರೆ, ಎಂಜಲು ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ, ದಂತವೈದ್ಯರ ಅಪಾಯಿಂಟ್‌ಮೆಂಟಿಗೆ ಕಾಯದೆ ನೇರವಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.